ಬೈಲಹೊಂಗಲಕ್ಕೆ ಬಲ್ಗೇರಿಯಾ ಬಂದಾಗ

ದೊಡ್ಡ ಶಹರದಲ್ಲಿ ದೊಡ್ಡ ಕೆಲಸ ಕೆಟ್ಟರೆ ಮರುದಿನ ಪೇಪರಿನಲ್ಲಿ ಬಂದು ಅಲ್ಲಿಗೇ ಮುಗಿಯುತ್ತದೆ. ನಮ್ಮ ಬೈಲಹೊಂಗಲದಲ್ಲಿ ಕೆಟ್ಟರೆ ಅದು ಚಹಾದಂಗಡಿಗೆ ಹೋಗಿ ಕೂಡುತ್ತದೆ, ಮತ್ತೆ ಏಳುವುದಿಲ್ಲ. ಅಂಥವು ನಮ್ಮಲ್ಲಿ ವರ್ಷಕ್ಕೆ ನಾಕಾರು ಆಗುತ್ತಲೇ ಇರುತ್ತವೆ. ಆದರೆ ತೊಂಬತ್ತರ ದಶಕದ ಕೊನೆಗೆ ನಮ್ಮೂರು ಅಂತರರಾಷ್ಟ್ರೀಯ ಕುಸ್ತಿಗೆ ತಯಾರಾಯಿತಲ್ಲ, ಆಗ ಒಂದೇ ತಿಂಗಳಲ್ಲಿ ಹತ್ತು ವರ್ಷಕ್ಕೆ ಸಾಕಾಗುವಷ್ಟು ಆದವು. ಈಗ ನಗುತ್ತೇವೆ. ಆವಾಗ ಯಾರಿಗೂ ನಗು ಬಂದಿರಲಿಲ್ಲ, ರಾತ್ರಿ ನಿದ್ದೆಯೂ ಬಂದಿರಲಿಲ್ಲ.

ಸೋಲಾಪುರದ ಆಚೆ

ಬಲ್ಗೇರಿಯಾದ ಕುಸ್ತಿ ತಂಡವೊಂದು ನಮ್ಮ ದೇಶಕ್ಕೆ ಬರುವುದಿತ್ತು. ಪುಣೆಯಲ್ಲಿ ಆಡಿ ಬೆಂಗಳೂರಿಗೆ ಹೋಗುವ ನಡುವೆ ಅವರಿಗೆ ನಾಲ್ಕೈದು ದಿನ ಖಾಲಿ ಇತ್ತು. ಆ ನಡುವಿನ ಪಂದ್ಯ ತಮಗೇ ಬೇಕೆಂದು ಸುತ್ತಲಿನ ದೊಡ್ಡ ಊರುಗಳೆಲ್ಲ ಕೇಳಿದ್ದವು. ಅದನ್ನು ಗೆದ್ದುಕೊಂಡು ಬಂದವರು ನಮ್ಮೂರಿನ ಹತ್ತಿ ವ್ಯಾಪಾರಿ. ಹರೆಯದಲ್ಲಿ ಕೊಲ್ಹಾಪುರದವರೆಗೂ ಹೋಗಿ ಕುಸ್ತಿ ಹಿಡಿದವರು, ಎರಡೂ ಕಿವಿ ಮುದುಡಿ ಹೂಕೋಸಿನಂತೆ ಆಗಿದ್ದವು. ಸ್ವಾಗತ ಸಮಿತಿಗೆ ಅವರೇ ಅಧ್ಯಕ್ಷರಾದರು. ಆದರೆ ಪಂದ್ಯ ಕೊಟ್ಟವರು ಒಂದು ಕರಾರು ಹಾಕಿದ್ದರು. ಅವರ ಕಡೆಯ ಪರೀಕ್ಷಕರೊಬ್ಬರು ಬಂದು ಕಣ, ವಸತಿ ಎಲ್ಲ ನೋಡುತ್ತಾರೆ. ಅವರ ಮನಸ್ಸಿಗೆ ಬರದಿದ್ದರೆ ಪಂದ್ಯ ಹುಬ್ಬಳ್ಳಿಗೆ ಹೋಗುತ್ತದೆ.

ಹುಬ್ಬಳ್ಳಿ ಎಂಬ ಮಾತು ಕೇಳಿದ್ದೇ ತಡ, ಊರು ನೆಟ್ಟಗೆ ಕೂತಿತು.

ಮೊದಲ ಮೀಟಿಂಗಿನಲ್ಲೇ ಪ್ರಶ್ನೆ ಬಂತು, ಬಂದವರ ಜೊತೆ ಮಾತಾಡುವವರು ಯಾರು. ತಹಶೀಲ್ದಾರರು ಇಂಗ್ಲಿಷ್ ಮಾಸ್ತರರ ಹೆಸರು ಹೇಳಿದರು. ಅವರು ಆ ವಾರವೇ ರಜೆ ಹಾಕಿ ಮಾವನ ಮನೆ ಸೇರಿದ್ದರು. ಆಗ ಅಧ್ಯಕ್ಷರ ಕಣ್ಣು ನನ್ನ ಮೇಲೆ ಬಿತ್ತು. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ಟೀಚರಮ್ಮ ಆಗಿದ್ದೆ. ಮೀಟಿಂಗಿಗೆ ಬಂದದ್ದು ಸ್ವಾಗತ ಗೀತೆ ಹಾಡುವ ಹುಡುಗಿಯರನ್ನು ಕರೆದುಕೊಂಡು, ಅಷ್ಟೇ.

ನಾನು ಎದ್ದು ನಿಂತು ತಿಳಿಸಿ ಹೇಳಿದೆ. ನನ್ನದು ಹಿಂದಿ, ಅವರದು ಅಲ್ಲ, ಅವರ ದೇಶ ಯುರೋಪಿನಲ್ಲಿದೆ, ನನ್ನ ಇಂಗ್ಲಿಷ್ ಬಿ.ಎ. ಪಾಸಾಗುವಷ್ಟು ಮಾತ್ರ ಎಂದೆ. ಅಧ್ಯಕ್ಷರು ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸಭೆಯ ಕಡೆ ತಿರುಗಿ, "ಸೋಲಾಪುರ ದಾಟಿದ ಮ್ಯಾಲೆ ಎಲ್ಲಾ ಹಿಂದೀನ ಅಲ್ಲೇನ್ರಿ?" ಅಂದರು.

ಸಭೆ ಚಪ್ಪಾಳೆ ಹೊಡೆದು ಮಂಜೂರು ಮಾಡಿತು.

ಕೆಂಪು ಮಣ್ಣು

ನಮ್ಮದು ಎರಿ ನೆಲ, ಕಪ್ಪು ಮಣ್ಣು. ಹತ್ತಿಗೆ ಚಲೋ, ಕುಸ್ತಿಗೆ ಅಲ್ಲ. ಒಂದು ಮಳೆ ಬಿದ್ದರೆ ಸಾಕು, ಪೈಲ್ವಾನನ ಕಾಲು ಹಿಡಿಯುವುದು ಎದುರಾಳಿಯಲ್ಲ, ನೆಲ. ಅದಕ್ಕೆ ಕಿತ್ತೂರ ಕಡೆಯಿಂದ ಕೆಂಪು ಮಣ್ಣು ತರಿಸಿದರು. ನಮ್ಮ ಸಾಲಿಯ ಪಿ.ಟಿ. ಮಾಸ್ತರರು ಆ ಮಣ್ಣಿಗೆ ಬಾಣಂತಿಗೆ ಮಾಡುವಷ್ಟು ಆರೈಕೆ ಮಾಡಿದರು. ಜರಡಿ ಹಿಡಿದರು, ಎಣ್ಣೆ ಬಿಟ್ಟರು, ಅರಿಶಿನ ಹಾಕಿದರು, ಲಿಂಬೆಹಣ್ಣು ಹಿಂಡಿದರು, ಕೊಡಗಟ್ಟಲೆ ಮಜ್ಜಿಗೆ ಸುರಿದು ಕಲಸಿದರು. ಮೈದಾನದ ಗೇಟಿನ ಹೊರಗೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸಿ, ಮುಂಜಾನೆ ಕಣಕ್ಕೆ ಹಾಕಿದರಾಯಿತು, ಮಧ್ಯಾಹ್ನ ಪರೀಕ್ಷಕರು ಬರುತ್ತಾರೆ ಎಂದು ಮನೆಗೆ ಹೋದರು.

ಮುಂಜಾನೆ ಬಂದು ನೋಡಿದರೆ ತಾಡಪತ್ರಿ ಇದೆ, ಮಣ್ಣಿಲ್ಲ.

ಕಳ್ಳತನ ಎಂದು ಪೊಲೀಸರಿಗೆ ಹೇಳಲು ಹೊರಟ ಮಾಸ್ತರರಿಗೆ ಬಾಜಾರ ರಸ್ತೆಯಲ್ಲಿ ಮಜ್ಜಿಗೆ ವಾಸನೆ ಬಂತು. ಮುಂದೆ ಹೋದಂತೆ ಲಿಂಬೆ ವಾಸನೆಯೂ ಬಂತು. ರಸ್ತೆಯ ನಡುವೆ ಒಂದು ನಾಯಿ ನೆಲ ನೆಕ್ಕುತ್ತಿತ್ತು. ಆಗ ತಿಳಿಯಿತು. ಪರೀಕ್ಷಕರು ಬರುವ ದಾರಿಯಲ್ಲಿ ಒಂದು ಗುಂಡಿಯೂ ಕಾಣಬಾರದೆಂದು ತಹಶೀಲ್ದಾರರು ತಾಕೀತು ಮಾಡಿದ್ದರು. ಗುಂಡಿ ತುಂಬಲು ಬಂದ ಟ್ರ್ಯಾಕ್ಟರಿನವರಿಗೆ ಗೇಟಿನ ಹತ್ತಿರ ಹದವಾದ ಮೆತ್ತನೆಯ ಮಣ್ಣು ಕಂಡಿತ್ತು. ಇಷ್ಟು ಚಲೋ ಮಣ್ಣು ತಾವು ರಸ್ತೆಗೆ ಎಂದೂ ಹಾಕಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು.

ಅಧ್ಯಕ್ಷರು ಬಂದವರೇ ಅಗೆಯಿರಿ ಎಂದರು. ತಹಶೀಲ್ದಾರರು ಬಂದವರೇ ಮುಟ್ಟಬೇಡಿ ಎಂದರು. ರಸ್ತೆ ಕೆಟ್ಟರೆ ಪಂದ್ಯ ಹೋಗುತ್ತದೆ ಎಂದು ಇವರು, ಮಣ್ಣಿಲ್ಲದಿದ್ದರೆ ಪಂದ್ಯವೇ ಇಲ್ಲ ಎಂದು ಅವರು. ಕೊನೆಗೆ ಸಲಿಕೆ ಇದ್ದದ್ದು ಅಧ್ಯಕ್ಷರ ಕಡೆಯವರ ಕೈಯಲ್ಲಿ. ಬಾಜಾರದ ಜನರೂ ಕೈ ಹಚ್ಚಿ ಗುಂಡಿಗಳನ್ನು ಬಗೆದು ಮಣ್ಣನ್ನು ಬುಟ್ಟಿಗೆ ತುಂಬತೊಡಗಿದರು. ಅವಸರದಲ್ಲಿ ಇದ್ದ ಗುಂಡಿ ದೊಡ್ಡವಾದವು, ಇಲ್ಲದ ಕಡೆ ಹೊಸವು ಬಿದ್ದವು. ಅರ್ಧ ಕೆಲಸ ಆಗಿರುವಾಗಲೇ ಪರೀಕ್ಷಕರ ಜೀಪು ಮೂಲೆಗೆ ಬಂದು ನಿಂತಿತು.

ಇಳಿದವರು ಹಳೆಯ ಪೈಲ್ವಾನರು, ಬೆಳ್ಳಗಿನ ಮೀಸೆ, ಮಾತು ಕಡಿಮೆ. ಎಲ್ಲರೂ ಸಲಿಕೆ ಹಿಡಿದಲ್ಲೇ ನಿಂತೆವು. ಅವರು ಹತ್ತಿರದ ಗುಂಡಿಯ ಬಳಿ ಕೂತು ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು. ಬೆರಳ ನಡುವೆ ತಿಕ್ಕಿದರು. ಆಮೇಲೆ ಉದ್ದಕ್ಕೂ ಅಗೆದ ರಸ್ತೆಯನ್ನು ಆ ತುದಿಯವರೆಗೆ ನೋಡಿದರು.

"ಮಣ್ಣು ಬೇಷ್ ಐತಿ," ಅಂದರು ಪರೀಕ್ಷಕರು. "ಕಣ ಮಾತ್ರ ಬಾಳ ಮಾಡೀರಿ. ಪರದೇಶದವರನ್ನ ಯಾವುದರಾಗ ಇಳಸತೀರಿ?"

ಖುದ್ದು ಪರೀಕ್ಷೆ

ಮಣ್ಣು ಪಾಸಾಯಿತು. ವಸತಿ ನೋಡಲು ಇನ್ನೊಂದು ಸಲ ಬರುತ್ತೇನೆ ಎಂದು ಪರೀಕ್ಷಕರು ಹೇಳಿ ಹೋದರು.

ಊರಿನಲ್ಲಿ ಆಗ ಅಂಥವರನ್ನು ಇಳಿಸುವ ಲಾಡ್ಜ್ ಇರಲಿಲ್ಲ. ನವಿಲುತೀರ್ಥದ ಹತ್ತಿರ ಅಧ್ಯಕ್ಷರ ಬೀಗರದೊಂದು ಹೊಸ ತೋಟದ ಮನೆ ಇತ್ತು. ಅಣೆಕಟ್ಟಿನ ನೀರು ಕಾಣುತ್ತದೆ, ಗಾಳಿ ಚಲೋ, ಅಲ್ಲೇ ಇಳಿಸೋಣ ಎಂದಾಯಿತು. ಕುರ್ಚಿಯಂತೆ ಕೂಡುವ ಕಮೋಡನ್ನು ಬೆಳಗಾವಿಯಿಂದ ತರಿಸಿ ಕೂಡಿಸಿದರು. ಪಿ.ಟಿ. ಮಾಸ್ತರರಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಇದು ಪಿಂಗಾಣಿ, ಬರುವವರು ಕೋಣನಂಥವರು, ಕೂತಾಗ ಒಡೆದರೆ ದೇಶದ ಮಾನದ ಪ್ರಶ್ನೆ ಎಂದರು. ಅಧ್ಯಕ್ಷರಿಗೂ ಅದು ತಲೆಗೆ ಹೊಕ್ಕಿತು.

ಪರೀಕ್ಷಕರು ಬರುವ ದಿನ ನಾವು ಮುಂಚೆಯೇ ಹೋಗಿದ್ದೆವು. ನಾನು ಮಂಚಗಳಿಗೆ ಚಾದರ ಹಾಸುತ್ತಿದ್ದೆ. ಅಧ್ಯಕ್ಷರು ಸುತ್ತ ನೋಡಿ, ನಮ್ಮೆಲ್ಲರಲ್ಲಿ ತೂಕದ ಆಳು ತಾನೇ ಎಂದು ಖಾತ್ರಿ ಮಾಡಿಕೊಂಡು, ಕಮೋಡಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಚಿಲಕಕ್ಕೆ ಹಿಂದಿನ ದಿನವಷ್ಟೇ ಬಣ್ಣ ಹಚ್ಚಿದ್ದರು, ಅದು ಹಿಡಿದುಕೊಂಡುಬಿಟ್ಟಿತ್ತು. ಮಾಸ್ತರರು ಹೊರಗಿನಿಂದ ಭುಜ ಕೊಟ್ಟರು, ಅಧ್ಯಕ್ಷರು ಒಳಗಿನಿಂದ ಕೊಟ್ಟರು. ಹೊಸ ಸಾಗವಾನಿ ಬಾಗಿಲು, ಇಬ್ಬರ ಭುಜಕ್ಕೂ ಚಿತ್ ಆಗಲಿಲ್ಲ. ಬಡಿಗರನ್ನು ಕರೆಯಲು ಸವದತ್ತಿಗೆ ಮೋಟಾರ್‌ಸೈಕಲ್ ಓಡಿತು.

ಬಡಿಗರಿಗಿಂತ ಮೊದಲು ಪರೀಕ್ಷಕರು ಬಂದರು.

ಅಧ್ಯಕ್ಷರು ಎಲ್ಲಿ ಎಂದು ಕೇಳಿದರು. ಮಾಸ್ತರರು ನನ್ನ ಮುಖ ನೋಡಿದರು. ನಾನು, ವ್ಯವಸ್ಥಾ ನೋಡಲಿಕ್ಕೆ ಒಳಗೆ ಹೋಗಿದ್ದಾರೆ ಎಂದೆ. ಅದು ಸುಳ್ಳೂ ಅಲ್ಲ. ಪರೀಕ್ಷಕರು ಮಂಚ ಒತ್ತಿ ನೋಡಿದರು, ಕಿಟಕಿ ತೆಗೆದು ನೋಡಿದರು, ಅಡಿಗೆಮನೆ ನೋಡಿದರು. ಅವರು ಒಂದೊಂದೇ ಕೋಣೆ ಮುಗಿಸಿ ಆ ಬಾಗಿಲಿನ ಕಡೆ ಬರುತ್ತಿದ್ದರು. ಕೊನೆಗೆ ಬಂದು ತಟ್ಟಿದರು. ಒಳಗಿನಿಂದ ಅಧ್ಯಕ್ಷರ ದನಿ ಮೀಟಿಂಗಿನಲ್ಲಿ ಬರುವಷ್ಟೇ ಗಂಭೀರವಾಗಿ ಬಂತು. ನಮಸ್ಕಾರ ಹೇಳಿದರು, ದಾರಿಯಲ್ಲಿ ತ್ರಾಸಾಗಲಿಲ್ಲವಷ್ಟೇ ಎಂದು ವಿಚಾರಿಸಿದರು, ಅತಿಥಿಗಳ ಸೌಕರ್ಯ ತಾವೇ ಖುದ್ದು ಕೂತು ನೋಡುತ್ತಿರುವುದಾಗಿ ತಿಳಿಸಿದರು. ಪರೀಕ್ಷಕರು ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು. ಬಾಗಿಲಿನ ಎರಡೂ ಕಡೆಯಿಂದ ಊಟದ ವ್ಯವಸ್ಥೆ, ಪೊಲೀಸ್ ಬಂದೋಬಸ್ತು, ತೀರ್ಪು ಕೊಡುವ ಪಂಚರ ಆಯ್ಕೆ ಎಲ್ಲದರ ಚರ್ಚೆಯಾಯಿತು. ನಾನು ಬಾಗಿಲಿನ ಈ ಕಡೆ ಇಟ್ಟ ಚಹಾ ಆರಿಹೋಯಿತು.

ಬಡಿಗರು ಬಂದು ಕೀಲು ಬಿಚ್ಚಿ ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟರು. ಅಧ್ಯಕ್ಷರು ಬೆವರಿನಲ್ಲಿ ತೊಯ್ದು ಹೊರಗೆ ಬಂದು, ಧೋತರ ಸರಿಮಾಡಿಕೊಂಡು ಪರೀಕ್ಷಕರಿಗೆ ಕೈ ಮುಗಿದರು.

"ಒಳಗಿಂದು ಗಟ್ಟಿ ಐತ್ರಿ," ಅಂದರು. "ಬಾಗಲಾ ಅದಕ್ಕಿಂತಾ ಗಟ್ಟಿ ಐತಿ."

ನಾಲ್ಕು ಬೆರಳು ಮಡಿಕೆ

ವಸತಿಯೂ ಪಾಸಾಯಿತು. ಆದರೆ ತಹಶೀಲ್ದಾರರ ಜೀವ ಧ್ವಜದಲ್ಲಿ ಸಿಕ್ಕಿಕೊಂಡಿತ್ತು.

ಎರಡು ದೇಶದ ಧ್ವಜ ಅಕ್ಕಪಕ್ಕ ಏರಬೇಕು. ನಮ್ಮದು ಕಚೇರಿಯಲ್ಲಿತ್ತು. ಅವರದು ಹೇಗಿರುತ್ತದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸಾಲಿಯ ಅಟ್ಲಾಸಿನಲ್ಲಿ ಧ್ವಜದ ಚಿತ್ರವಿತ್ತು, ಆದರೆ ಪುಸ್ತಕ ಹಳೆಯದು, ಆಮೇಲೆ ಆ ದೇಶದಲ್ಲಿ ಸರಕಾರವೇ ಬದಲಾಗಿದೆ ಎಂದು ಸಮಾಜ ಮಾಸ್ತರರು ಹೆದರಿಸಿದರು. ತಪ್ಪು ಧ್ವಜ ಏರಿದರೆ ತನ್ನ ನೌಕರಿ ಇಳಿಯುತ್ತದೆ ಎಂದು ತಹಶೀಲ್ದಾರರು ಎಸ್.ಟಿ.ಡಿ. ಬೂತಿನಲ್ಲಿ ನಿಂತು ಊರೂರಿಗೆ ಫೋನ್ ಹಚ್ಚಿದರು. ಕೊನೆಗೆ ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು ಎಂದು ಖಾತ್ರಿಯಾಯಿತು. ನಮ್ಮ ಹುಡುಗರ ಯೂನಿಫಾರ್ಮ್ ಹೊಲಿಯುವ ಟೇಲರಿಗೆ ಕೆಲಸ ಕೊಟ್ಟರು. ನಮ್ಮ ಧ್ವಜದ ಅಳತೆಯೇ ಆಗಬೇಕು, ಒಂದು ದಾರದಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ಬಾರಿಬಾರಿಗೂ ಹೇಳಿದ್ದರು.

ಪಂದ್ಯದ ಹಿಂದಿನ ಸಂಜೆ ಮೈದಾನದಲ್ಲಿ ತಾಲೀಮು. ಎರಡೂ ಧ್ವಜ ಏರಿದವು. ಹುಡುಗಿಯರು ಸ್ವಾಗತ ಗೀತೆ ಶುರು ಮಾಡಿದರು. ತಹಶೀಲ್ದಾರರು ಒಮ್ಮೆ ಕಣ್ಣೆತ್ತಿ ನೋಡಿ ಹಾಡು ನಿಲ್ಲಿಸಿದರು. ನಮ್ಮ ಧ್ವಜದ ಪಕ್ಕದಲ್ಲಿ ಅವರದು ತಮ್ಮನ ಹಾಗೆ ಕಾಣುತ್ತಿತ್ತು. ಉದ್ದಗಲ ಎರಡರಲ್ಲೂ ಗೇಣು ಕಡಿಮೆ. ಅತಿಥಿ ಪಾವಣ್ಯಾರನ್ನು ಮನೆಗೆ ಕರೆದು ಮುಖಕ್ಕೆ ಹೊಡೆದ ಹಾಗೆ ಎಂದರು. ಬಾಜಾರ ಮುಚ್ಚುವ ಹೊತ್ತು, ಆ ಬಣ್ಣದ ಬಟ್ಟೆ ಮತ್ತೆ ಎಲ್ಲಿಂದ ತರುವುದು. ಧ್ವಜ ಇಳಿಸಿ, ಮಡಚಿ, ಎದೆಗೊತ್ತಿಕೊಂಡು ಟೇಲರ ಅಂಗಡಿಗೆ ನಡೆದರು. ಅವರ ಹಿಂದೆ ನಾವೆಲ್ಲ.

ಟೇಲರ ಕೊರಳಿಗೆ ಟೇಪು ಹಾಕಿಕೊಂಡು ಯಾವುದೋ ಚಡ್ಡಿಗೆ ಗುಂಡಿ ಹಚ್ಚುತ್ತಿದ್ದರು. ತಹಶೀಲ್ದಾರರು ಬಾಯಿಗೆ ಬಂದದ್ದೆಲ್ಲ ಅಂದರು. ಟೇಲರ ಸಿಟ್ಟಾಗಲಿಲ್ಲ. ಧ್ವಜ ತೆಗೆದುಕೊಂಡು, ಅಂಚು ತಿರುಗಿಸಿ ತೋರಿಸಿದರು. ಸುತ್ತಲೂ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಚಿ ಹೊಲಿದಿದ್ದರು.

"ಸಾಲಿ ಹುಡುಗರ ಅಂಗಿಗೆ ಇಡತೇವಲ್ರಿ, ಹಂಗ ಇಟ್ಟೇನಿ," ಅಂದರು. "ಮುಂದ ದೇಶಾ ಬೆಳದ್ರ ಬಿಚ್ಚಿಕೋತಾರ."

ಹೌದು ಅಂದರೆ

ಇನ್ನು ಬಲ್ಗೇರಿಯಾದವರ ಸುದ್ದಿ.

ಅವರು ಪಂದ್ಯಕ್ಕೆ ಎರಡು ದಿನ ಮೊದಲೇ ತೋಟದ ಮನೆಗೆ ಬಂದಿಳಿದಿದ್ದರು. ಅವರ ಪೈಕಿ ಇಂಗ್ಲಿಷ್ ಬರುತ್ತಿದ್ದದ್ದು ಮ್ಯಾನೇಜರ್ ಒಬ್ಬರಿಗೆ ಮಾತ್ರ. ಅವರು ಮುಂದಿನ ಪ್ರಯಾಣದ ಟಿಕೆಟ್ಟಿನ ಗದ್ದಲದಲ್ಲಿ ಬೆಳಗಾವಿಯಲ್ಲೇ ಉಳಿದರು. ಪೈಲ್ವಾನರಿಗೆ ಅವರ ಭಾಷೆ ಬಿಟ್ಟರೆ ಇನ್ನೊಂದು ಬಾರದು. ನಾನು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದೆ, ಆಮೇಲೆ ಜೋರಾಗಿ ಕೇಳಿದೆ, ಕೊನೆಗೆ ಹಿಂದಿಯಲ್ಲೂ ಕೇಳಿದೆ. ಅವರು ನಕ್ಕು ತಲೆ ಆಡಿಸುತ್ತಿದ್ದರು. ಆದ್ದರಿಂದ ಎಲ್ಲ ವ್ಯವಹಾರ ಕೈ ಮತ್ತು ತಲೆಯಲ್ಲೇ ನಡೆಯಿತು.

ಅವರಲ್ಲಿ ಮುಖ್ಯ ಪೈಲ್ವಾನ ಒಬ್ಬ ಹರೆಯದ ಹುಡುಗ, ಬಾಗಿಲಲ್ಲಿ ಬಂದರೆ ಕೋಣೆಗೆ ಬೆಳಕು ಕಡಿಮೆಯಾಗುತ್ತಿತ್ತು. ಅಧ್ಯಕ್ಷರ ಮನೆಯ ಹೆಣ್ಣುಮಕ್ಕಳು ಹೋಳಿಗೆ, ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ ಎಲ್ಲ ಮಾಡಿಕೊಂಡು ಬಂದಿದ್ದರು. ಹುಡುಗ ಒಂದು ಹೋಳಿಗೆ ತಿಂದ, ಕಣ್ಣರಳಿಸಿದ. ಇನ್ನೊಂದು ಹಾಕಲೇ ಎಂದು ತೋರಿಸಿದರೆ ಎಡಕ್ಕೂ ಬಲಕ್ಕೂ ತಲೆ ಆಡಿಸಿದ. ಬೇಡವಂತೆ ಎಂದು ತಟ್ಟೆ ತೆಗೆದರು. ಅವನು ತಟ್ಟೆ ಹೋದ ಕಡೆಯೇ ನೋಡುತ್ತ ಕೂತ. ಹಾಲು ತಂದರು. ಒಂದು ಲೋಟ ಕುಡಿದು, ಇನ್ನೊಂದು ಕೇಳಿದ್ದಕ್ಕೆ ತಲೆಯನ್ನು ಮೇಲೆ ಕೆಳಗೆ ಮಾಡಿದ. ಸುರಿದರು. ಮತ್ತೆ ಕೇಳಿದರು, ಇನ್ನೂ ಜೋರಾಗಿ ಮೇಲೆ ಕೆಳಗೆ ಮಾಡಿದ. ಮತ್ತೆ ಸುರಿದರು. ಬಂದಾಗಿನಿಂದ ಪ್ರತಿ ಹೊತ್ತೂ ಇದೇ. ಪರದೇಶದ ಪೈಲ್ವಾನರು ಊಟ ಮುಟ್ಟುವುದಿಲ್ಲ, ಬರೇ ಹಾಲಿನ ಮೇಲೆ ಇರುತ್ತಾರೆ ಎಂದು ಪಿ.ಟಿ. ಮಾಸ್ತರರು ಊರಿಗೆ ಸುದ್ದಿ ಮುಟ್ಟಿಸಿದರು. ಜನರಿಗೆ ಅಭಿಮಾನ ಉಕ್ಕಿತು. ದೊಡವಾಡದಿಂದ ಎಮ್ಮೆ ಹಾಲು ಕ್ಯಾನುಗಟ್ಟಲೆ ಬಂತು. ಹುಡುಗ ಕ್ಯಾನು ಕಂಡರೆ ಗೋಡೆಯ ಕಡೆ ತಿರುಗುವ ಮಟ್ಟಕ್ಕೆ ಬಂದ.

ಪಂದ್ಯದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿಡದ ಮೇಲೆ, ಸಾಲಿಯ ಮಾಳಿಗೆ ಮೇಲೆ, ಲಾರಿಗಳ ಮೇಲೆ ಜನ. ಹಲಗಿಯ ಸದ್ದು ಎದೆಗೆ ಬಡಿಯುತ್ತಿತ್ತು. ಮೊದಲಿನ ಜೋಡಿಗಳು ಮುಗಿದು ಕೊನೆಯದಕ್ಕೆ ರಾಮದುರ್ಗದ ಕಡೆಯ ಪೈಲ್ವಾನ ಕಣಕ್ಕಿಳಿದು ತೊಡೆ ತಟ್ಟಿದ. ಅವನ ಎದುರು ಈ ಹುಡುಗ. ಇದು ಮಣ್ಣಿನ ಕುಸ್ತಿ, ಬೆನ್ನು ನೆಲಕ್ಕೆ ಹತ್ತುವವರೆಗೂ ನಡೆಯುವಂಥದ್ದು. ಅವರಿಗೆ ಗಾದಿಯ ಮೇಲೆ ಆಡಿ ರೂಢಿ. ಒಪ್ಪಿಗೆ ಕೇಳದೆ ಇಳಿಸಬಾರದು ಎಂದು ಪರೀಕ್ಷಕರು ಮೊದಲೇ ಹೇಳಿದ್ದರು. ಪಂಚರು ಮಣ್ಣು ತೋರಿಸಿ, ಎದುರಾಳಿಯನ್ನು ತೋರಿಸಿ, ಆಡುತ್ತೀಯಾ ಎಂದು ಕೈ ಮಾಡಿ ಕೇಳಿದರು.

ಹುಡುಗ ನಗುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ.

ಪಂಚರು ಹಿಂದೆ ಸರಿದರು. ಅಧ್ಯಕ್ಷರು ಓಡಿ ಬಂದು ತಾವೇ ಕೇಳಿದರು. ಮತ್ತೆ ಅದೇ, ಇನ್ನೂ ಹುರುಪಿನಿಂದ. ಹಾಗೆ ತಲೆ ಆಡಿಸುತ್ತಲೇ ಹುಡುಗ ಕಣಕ್ಕೆ ಕಾಲಿಟ್ಟ. ಒಲ್ಲೆ ಎನ್ನುವವನನ್ನು ಇಳಿಸಿದರೆ ನಾಳೆ ಕೇಸಾಗುತ್ತದೆ ಎಂದು ಅಧ್ಯಕ್ಷರು ಅವನ ರಟ್ಟೆ ಹಿಡಿದು ಹೊರಗೆ ಎಳೆದರು. ಅವನು ಬಿಡಿಸಿಕೊಂಡು ಮತ್ತೆ ಒಳಗೆ ಹೋದ. ಮತ್ತೆ ಎಳೆದರು. ಮೈಕಿನಲ್ಲಿ ಯಾರೋ, ಪರದೇಶದ ಪೈಲ್ವಾನರು ಆಡುವುದಿಲ್ಲ ಅಂತಿದ್ದಾರೆ ಎಂದುಬಿಟ್ಟರು. ಹಲಗಿ ನಿಂತಿತು. ಹಿಂದಿನ ಸಾಲಿನಿಂದ ಒಂದು ಚಪ್ಪಲಿ ಬಂದು ಬಿತ್ತು, ಆಮೇಲೆ ಇನ್ನಷ್ಟು. ಜನರನ್ನು ತಡೆದಿದ್ದ ಬಿದಿರಿನ ಕಟ್ಟು ಲಟಲಟ ಎಂದಿತು. ಪೊಲೀಸರು ಲಾಠಿ ಎತ್ತಿಕೊಂಡರು. ಮುಂದೆ ನಮ್ಮ ಸಾಲಿಯ ಹುಡುಗರು ಕೂತಿದ್ದರು. ಜನ ಒಮ್ಮೆ ನುಗ್ಗಿದರೆ ಅವರೆಲ್ಲ ಕಾಲಡಿಗೆ.

ಮ್ಯಾನೇಜರ್ ಅಷ್ಟೊತ್ತಿಗಷ್ಟೇ ಬೆಳಗಾವಿಯಿಂದ ಬಂದು ವೇದಿಕೆ ಹತ್ತುತ್ತಿದ್ದರು. ಕಣದ ಹತ್ತಿರ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ, ಆ ಹೊತ್ತಿಗೆ ಪದ್ಧತಿ ಯಾರಿಗೂ ನೆನಪಿರಲಿಲ್ಲ. ನಾನು ಅವರ ಕೈ ಹಿಡಿದು ಕಣದ ಅಂಚಿಗೆ ಎಳೆದುಕೊಂಡು ಹೋದೆ. ನಿಮ್ಮ ಹುಡುಗ ಯಾಕೆ ಆಡುವುದಿಲ್ಲ ಎಂದು ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಹುಡುಗನನ್ನು ಕೇಳಿದರು. ಹುಡುಗ ಏನೇನೋ ಹೇಳಿದ, ಅಳುವುದೊಂದು ಬಾಕಿ. ನನ್ನ ಕಡೆ ತಿರುಗಿದ ಮ್ಯಾನೇಜರ್ ಮುಖ ಕೆಂಪಗಿತ್ತು.

"ಅವನು ಬಂದಾಗಿನಿಂದ ಹೌದು ಹೌದು ಅಂತಲೇ ಇದ್ದಾನೆ," ಅಂದರು. "ನೀವು ಊಟವನ್ನೂ ಕೊಡುವುದಿಲ್ಲ, ಕುಸ್ತಿಗೂ ಬಿಡುವುದಿಲ್ಲ. ಬೇಡ ಬೇಡ ಎಂದರೂ ಹಾಲು ಕುಡಿಸುತ್ತೀರಂತೆ."

ಅವರ ದೇಶದಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರೆ ಹೌದು, ಮೇಲೆ ಕೆಳಗೆ ಮಾಡಿದರೆ ಇಲ್ಲ. ನಮ್ಮದಕ್ಕೆ ಪೂರ್ತಿ ಉಲ್ಟಾ. ನಾನು ಅಧ್ಯಕ್ಷರ ಕಿವಿಯಲ್ಲಿ ಕೂಗಿ ಹೇಳಿದೆ. ಅವರು ಮೈಕು ಕಸಿದುಕೊಂಡು ಇಡೀ ಮೈದಾನಕ್ಕೆ ಅದನ್ನು ತಲೆ ಆಡಿಸಿ ತೋರಿಸಿ ತಿಳಿಸಿದರು. ಎಸೆಯಲು ಎತ್ತಿದ ಚಪ್ಪಲಿಗಳು ಕೆಳಗಿಳಿದವು. ಮೊದಲು ಒಂದು ಮೂಲೆಯಲ್ಲಿ ನಗು ಎದ್ದಿತು, ಆಮೇಲೆ ಮಾಳಿಗೆ ಮೇಲಿನವರು, ಗಿಡದ ಮೇಲಿನವರು, ಲಾಠಿ ಹಿಡಿದ ಪೊಲೀಸರು ಎಲ್ಲರೂ ಕೂಡಿ ಎಡಕ್ಕೂ ಬಲಕ್ಕೂ ತಲೆ ಆಡಿಸತೊಡಗಿದರು. ಹುಡುಗ ಆ ಜನಸಾಗರವೇ ತನಗೆ ಹೌದು ಅನ್ನುವುದನ್ನು ನೋಡಿ, ಒಂದು ಮುಷ್ಟಿ ಮಣ್ಣು ಹಣೆಗೆ ಹಚ್ಚಿಕೊಂಡು ಕಣಕ್ಕಿಳಿದ.

ಅಂಥ ಕುಸ್ತಿ ಆಮೇಲೆ ನಮ್ಮೂರಿನಲ್ಲಿ ಆಗಿಲ್ಲ. ರಾಮದುರ್ಗದವನು ಕಾಲು ಹಾಕಿ ಕೆಡವಿದರೆ ಹುಡುಗ ಹಾವಿನ ಹಾಗೆ ಹೊರಳಿ ಏಳುತ್ತಿದ್ದ. ಹುಡುಗ ಸೊಂಟ ಹಿಡಿದು ಎತ್ತಿದರೆ ಇವನು ಗಾಳಿಯಲ್ಲೇ ತಿರುಗಿ ಕಾಲ ಮೇಲೆ ಬೀಳುತ್ತಿದ್ದ. ಹೊತ್ತು ಮುಳುಗುವವರೆಗೂ ಯಾರ ಬೆನ್ನೂ ನೆಲ ಮುಟ್ಟಲಿಲ್ಲ. ಬರಾಬರಿ ಎಂದು ಸಾರಿದರು. ಇಬ್ಬರೂ ಕೆಂಪು ಮಣ್ಣಿನಲ್ಲಿ ಮುಳುಗಿ ಯಾರು ಯಾವ ದೇಶದವರು ಎಂದು ಗೊತ್ತಾಗದಂತೆ ಅಪ್ಪಿಕೊಂಡರು. ಜನ ಇಬ್ಬರನ್ನೂ ಹೆಗಲ ಮೇಲೆ ಹೊತ್ತು ತಂದು ವೇದಿಕೆಯ ಮೇಲಿಟ್ಟರು.

ಈ ನಡುವೆ ಮ್ಯಾನೇಜರ್ ಹುಡುಗನನ್ನು ಪಕ್ಕಕ್ಕೆ ಕರೆದು, ಇನ್ನು ಈ ದೇಶದಲ್ಲಿ ಇರುವವರೆಗೆ ಇವರ ಹಾಗೇ ತಲೆ ಆಡಿಸು ಎಂದು ತಾಕೀತು ಮಾಡಿದ್ದರಂತೆ. ಅದು ನಮಗೆ ಗೊತ್ತಾದದ್ದು ಅವರು ಊರು ಬಿಟ್ಟ ಮೇಲೆ. ವೇದಿಕೆಯಲ್ಲಿ ಅಧ್ಯಕ್ಷರು ಹುಡುಗನ ತಲೆಗೆ ರುಮಾಲು ಸುತ್ತಿದರು, ಹಾರ ಹಾಕಿದರು. ಕಣ್ಣು ತುಂಬಿತ್ತು. ತಿಂಗಳ ಚಿಂತೆಯೆಲ್ಲ ಅವರ ದನಿಯಲ್ಲಿತ್ತು. ಒಂದೇ ಮಾತು ಕೇಳುತ್ತೇನೆ ಎಂದು ಮೈಕು ಹಿಡಿದು, ಸುತ್ತಲಿನ ಜನ, ಮನೆ, ಮಣ್ಣು ಎಲ್ಲ ಕೈಯಿಂದ ತೋರಿಸಿ, ಎದೆ ಮುಟ್ಟಿಕೊಂಡು, ನಮ್ಮೂರು ಸೇರಿತೇ ಎಂದು ಕೇಳಿದರು.

ಹುಡುಗ ಮ್ಯಾನೇಜರನ್ನು ಒಮ್ಮೆ ನೋಡಿದ. ಆಮೇಲೆ ಮನಸಾರೆ ನಕ್ಕು, ಹೇಳಿಕೊಟ್ಟ ಹಾಗೆ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡಿದ.

ಅಧ್ಯಕ್ಷರ ಮುಖ ಇಳಿಯಿತು. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದು ಜನರಿಗೆ ಹೇಳಿದರು:

"ಪಾವಣ್ಯಾರಿಗೆ ನಮ್ಮೂರು ಸೇರಿಲ್ಲಂತ್ರಿ. ಇರ್ಲಿ. ಆದ್ರೂ ಹೊಟ್ಟಿ ತುಂಬ ಹೋಳಿಗಿ ಉಣಿಸೇ ಕಳಸೂಣು."